ಎಲ್ಲೀತನ ಬಂದೈತಿ?

ಪುಸ್ತಕ ವಿಮರ್ಶೆ ಮಾಡೋರು ಇದ್ದಾರೆ, ಸಿನಿಮಾ ವಿಮರ್ಶೆ ಮಾಡೋರಂತೂ ಬೀದಿಗೆ ಹತ್ತು ಜನ. ನೋಟಿಸಿನ ವಿಮರ್ಶೆ ಮಾತ್ರ ಯಾರೂ ಮಾಡೋದಿಲ್ಲ. ನನಗೆ ಅದರದ್ದೇ ಹುಚ್ಚು. ಹರಿಹರದಲ್ಲಿ ನಮ್ಮ ಚಿಕ್ಕಪ್ಪ ಮನೆ ಕಟ್ಟಿಸಿಕೊಂಡಿರುವ ಬಡಾವಣೆಗೆ ಒಂದು ನಾಗರಿಕರ ಸಂಘವಿದೆ. ಸಂಘಕ್ಕೆ ಒಂದು ಸುದ್ದಿಪತ್ರವಿದೆ. ಎರಡು ಪುಟದ ಜೆರಾಕ್ಸ್ ಹಾಳೆ. ಹಾಲಿನ ಬೂತಿನ ಗೋಡೆಗೆ ಒಂದನ್ನು ಅಂಟಿಸುತ್ತಾರೆ, ಉಳಿದದ್ದನ್ನು ಸದಸ್ಯರ ಮನೆಗೆ ಹಾಕುತ್ತಾರೆ. ಚಿಕ್ಕಪ್ಪ ಅವನ್ನೆಲ್ಲ ಕರೆಂಟ್ ಬಿಲ್ಲಿನ ಜೊತೆ ಕ್ಲಿಪ್ ಹಾಕಿ ಇಟ್ಟಿರೋದ್ರಿಂದ, ಊರಿಗೆ ಹೋದಾಗ ವರ್ಷದ್ದನ್ನೆಲ್ಲ ಒಟ್ಟಿಗೆ ಓದುವ ಭಾಗ್ಯ ನನ್ನದು.

ಜುಲೈ ತಿಂಗಳ ಹಾಳೆಯನ್ನು ತಗೊಳ್ಳಿ. ಮೊದಲ ಪುಟ ಪೂರ್ತಿ ಪಾರ್ಕಿನ ಕಾಂಪೌಂಡಿನ ಗುದ್ದಲಿ ಪೂಜೆ. ಬಂದವರ ಹೆಸರು, ಬರಲಾಗದವರ ಹೆಸರು, ವಂದನಾರ್ಪಣೆ. ಎರಡನೇ ಪುಟದಲ್ಲಿ ಹಿಂದಿನ ವರ್ಷದ ಗಣಪತಿ ಹಬ್ಬದ ಲೆಕ್ಕ. ಕೊನೆಗೆ ‘ಇತರೆ ವಿಷಯಗಳು’ ಅಂತ ಗೆರೆ ಎಳೆದು ಇಷ್ಟು: ‘ಮುಂಬರುವ ದಿನಗಳಲ್ಲಿ ಗಾಳಿ ಸಹಿತ ಭಾರಿ ಮಳೆ ಹಾಗೂ ಪ್ರವಾಹದ ಸಾಧ್ಯತೆ ಇರುವುದರಿಂದ ನಾಗರಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು.’

ಒಂದೇ ವಾಕ್ಯ. ವ್ಯಾಕರಣದಲ್ಲಿ ತಪ್ಪಿಲ್ಲ. ಓದಿ ಮುಗಿಸಿದ ಮೇಲೆ ಏನು ಮಾಡಬೇಕು ಅಂತ ಮಾತ್ರ ಗೊತ್ತಾಗೋದಿಲ್ಲ. ಮುಂಬರುವ ದಿನ ಅಂದರೆ ನಾಳೆಯೋ, ಮುಂದಿನ ತಿಂಗಳೋ? ‘ಭಾರಿ’ ಅನ್ನೋದು ಹವಾಮಾನ ಇಲಾಖೆಯವರಿಗೆ ಒಂದು ಅಳತೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ಹಾಳೆಯಲ್ಲಿ ಅದು ಬರೀ ಭಾರಿ, ಭಾರಿ ಜನಸ್ತೋಮ ಅಂದ ಹಾಗೆ. ಇಡೀ ವಾಕ್ಯದಲ್ಲಿ ನನಗೆ ಅನುಮಾನ ಬರೋದು ‘ಸೂಕ್ತ’ ಅನ್ನೋ ಪದದ ಮೇಲೆ. ಬರೆಯೋನಿಗೆ ಗೊತ್ತಿಲ್ಲದ್ದನ್ನೆಲ್ಲ ಓದೋನ ತಲೆಗೆ ಕಟ್ಟುವ ಪದ ಅದು.

ಸಂಘದವರಿಗೆ ಬರೆಯೋಕೆ ಬರಲ್ಲ ಅಂತಲ್ಲ. ಅದೇ ಹಾಳೆಯ ಗಣಪತಿ ಲೆಕ್ಕ ನೋಡಿ. ಪೆಂಡಾಲಿಗೆ ಎಷ್ಟು, ಮೈಕ್ ಸೆಟ್ಟಿಗೆ ಎಷ್ಟು, ಪ್ರಸಾದದ ಅವಲಕ್ಕಿ ಎಷ್ಟು ಕೆಜಿ, ಉಳಿದ ಹಣ ಯಾವ ಖಾತೆಯಲ್ಲಿದೆ, ಅನುಮಾನ ಇದ್ದರೆ ಯಾರ ಮನೆಗೆ ಎಷ್ಟು ಗಂಟೆಯೊಳಗೆ ಬರಬೇಕು, ಎಲ್ಲ ಇದೆ. ಇದಕ್ಕಿಂತ ಸ್ಪಷ್ಟವಾದ ಕನ್ನಡ ಗದ್ಯ ನಾನು ಈ ವರ್ಷ ಓದಿಲ್ಲ. ದುಡ್ಡಿನ ವಿಷಯದಲ್ಲಿ ಜನ ಪ್ರಶ್ನೆ ಕೇಳುತ್ತಾರೆ ಅಂತ ಗೊತ್ತಿದ್ದಾಗ ಅದೇ ಕೈ ಹೀಗೆ ಬರೆಯುತ್ತೆ.

ಇನ್ನೊಂದು ತಮಾಷೆ. ಏಪ್ರಿಲ್ ಹಾಳೆಯಲ್ಲೂ ನವೆಂಬರ್ ಹಾಳೆಯಲ್ಲೂ ಇದೇ ವಾಕ್ಯವಿದೆ, ಪ್ರವಾಹ ಅನ್ನೋ ಪದ ಒಂದು ಬಿಟ್ಟು. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಬರೋದು ಸಂಜೆಯ ಗಾಳಿ-ಗುಡುಗು. ಅರ್ಧ ಗಂಟೆಯ ಆಟ, ಆದರೆ ತಗಡು ಹಾರುತ್ತೆ, ಕಂಬ ಉರುಳುತ್ತೆ, ಭದ್ರಾ ನಾಲೆ ನೀರಲ್ಲಿ ಬೆಳೆದು ಕೊಯ್ಲಿಗೆ ಬಂದ ಬೇಸಿಗೆ ಭತ್ತ ಚಾಪೆ ಹಾಸಿದಂಗೆ ಮಲಗಿಬಿಡುತ್ತೆ. ನವೆಂಬರಿನದು ಬಂಗಾಳ ಕೊಲ್ಲಿಯ ಚಂಡಮಾರುತದ ಬಾಲ. ಇಲ್ಲಿಗೆ ಬರೋ ಹೊತ್ತಿಗೆ ಗಾಳಿ ಸತ್ತು ಎರಡು ದಿನ ಜಿನುಗುತ್ತೆ. ಒಣಗಲು ಹಾಕಿದ ಮೆಕ್ಕೆಜೋಳ ಮೊಳಕೆ ಒಡೆಯೋಕೆ ಅಷ್ಟು ಸಾಕು. ಜುಲೈ-ಆಗಸ್ಟಿನದು ಹೊಳೆ. ಒಂದಕ್ಕೆ ತಗಡಿನ ಮೇಲೆ ಕಲ್ಲು ಹೇರಬೇಕು, ಒಂದಕ್ಕೆ ತಾಡಪಾಲು ತರಬೇಕು, ಇನ್ನೊಂದಕ್ಕೆ ಮನೆಯನ್ನೇ ಬಿಡಬೇಕು. ಮೂರಕ್ಕೂ ಒಂದೇ ವಾಕ್ಯ. ನಮ್ಮ ಆಫೀಸಿನಲ್ಲಿ ಇಂಥದ್ದನ್ನ ಕಾಪಿ ಪೇಸ್ಟ್ ಅಂತಾರೆ, ರಿವ್ಯೂನಲ್ಲಿ ಪಾಸ್ ಮಾಡೋದಿಲ್ಲ.

ನಾನು ಬೆಳೆದದ್ದು ಇದೇ ತಾಲೂಕಿನ ಹೊಳೆದಂಡೆಯ ಹಳ್ಳಿಯಲ್ಲಿ. ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ‘ಹೊಳಿ ಬಂದೈತಂತೆ’ ಅಂತ ಯಾರಾದರೂ ಅಂದರೆ ಎದುರಿನವರ ಮೊದಲ ಪ್ರಶ್ನೆ ಒಂದೇ, ‘ಎಲ್ಲೀತನ ಬಂದೈತಿ?’ ಎಷ್ಟು ಬಂದೈತಿ ಅಂತ ಯಾರೂ ಕೇಳುತ್ತಿರಲಿಲ್ಲ. ಉತ್ತರವೂ ಹಾಗೇ ಇರುತ್ತಿತ್ತು: ಬಟ್ಟೆ ಒಗೆಯೋ ಬಂಡಿ ಮುಳುಗೈತಿ, ಮೋಟರ್ ಮನಿ ಬಾಗಿಲಿಗೆ ಬಂದೈತಿ. ಬಂಡೆ ಮುಳುಗಿದರೆ ಪಂಪ್‌ಸೆಟ್ ಬಿಚ್ಚಿ ಮೇಲೆ ಎಳೆಯಬೇಕು. ಮೋಟರ್ ಮನೆಗೆ ಬಂದರೆ ದನ ಬಿಚ್ಚಬೇಕು. ಡಂಗುರದವನೂ ಇದನ್ನೇ ಸಾರುತ್ತಿದ್ದ, ಮೂರೇ ಮಾತು: ರಾತ್ರಿ ಹೊಳೆ ಬರ್ತೈತಿ, ಮೋಟರ್ ಎತ್ರಿ, ದನ ಬಿಚ್ರಿ. ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಡಂಗುರದವನ ದನಿ ಕೆಳಗಿನ ಕೇರಿಗೆ ಕೇಳಿಸದ ರಾತ್ರಿಗಳೂ ಇದ್ದವು.

ಟಿವಿ, ಪೇಪರು ನಮಗೆ ಕೊಡೋದು ಕ್ಯೂಸೆಕ್. 50 ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 14 ಲಕ್ಷ ಲೀಟರ್. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ತಿಳಿಯೋ ಭಾಷೆಯಲ್ಲಿ, ಸೆಕೆಂಡಿಗೆ 5 ಸಾವಿರ ಲೀಟರಿನ 280 ಟ್ಯಾಂಕರ್. ಕೇಳಿ ಬೆರಗಾಗಬಹುದು, ಆದರೆ ನಮ್ಮ ಮನೆ ಮೆಟ್ಟಿಲಿಗೆ ಬರುತ್ತೋ ಇಲ್ಲವೋ ಅಂತ ಅದು ಹೇಳೋದಿಲ್ಲ. ಇದಕ್ಕಿಂತ ಉಪಯೋಗಕ್ಕೆ ಬರೋ ಸಂಗತಿಯನ್ನ ಹಾಳೆಯ ಎರಡು ಸಾಲಿನಲ್ಲಿ ಬರೀಬಹುದಿತ್ತು. ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ಸೇರುವ ಎರಡು ಹೊಳೆಗಳ ಸ್ವಭಾವ ಬೇರೆ ಬೇರೆ. ತುಂಗೆಯ ಗಾಜನೂರು ಡ್ಯಾಮ್ ಹಿಡಿಯೋದು ಬರೀ 3.24 ಟಿಎಂಸಿ. ಶೃಂಗೇರಿ ಕಡೆ ಮಳೆ ಹೊಡೆದರೆ ಅದು ತುಂಬಿ, ಬಂದ ನೀರೆಲ್ಲ ಹಾಗೇ ನಮ್ಮ ಕಡೆಗೆ. ಲಕ್ಕವಳ್ಳಿಯ ಭದ್ರಾ ಡ್ಯಾಮಿಗೆ 71.5 ಟಿಎಂಸಿ ಬೇಕು, 186 ಅಡಿ. ಅದು ನಿಧಾನಕ್ಕೆ ತುಂಬುತ್ತೆ, ಕೆಲವು ವರ್ಷ ತುಂಬೋದೇ ಇಲ್ಲ. ಭದ್ರೆಯೂ ತುಂಬಿದ ಮೇಲೆ ಎರಡೂ ಕಡೆಯಿಂದ ಒಟ್ಟಿಗೆ ಬಿಟ್ಟರೆ, ಹೊನ್ನಾಳಿಯ ಬಾಲರಾಜ ಘಾಟ್, ಹರಿಹರದ ಗಂಗಾನಗರ, ಉಕ್ಕಡಗಾತ್ರಿಯ ರಸ್ತೆ, ಈ ಹೆಸರುಗಳೆಲ್ಲ ಪೇಪರಿನಲ್ಲಿ ಬರಲು ಶುರು. ಅಂದರೆ ‘ಗಾಜನೂರು ತುಂಬಿತು’ ಅನ್ನೋ ಸುದ್ದಿಗೂ ‘ಭದ್ರಾ ಗೇಟ್ ತೆಗೆದರು’ ಅನ್ನೋ ಸುದ್ದಿಗೂ ನಾವು ಮಾಡಿಕೊಳ್ಳಬೇಕಾದ ತಯಾರಿ ಬೇರೆ. ಪಾರ್ಕಿನ ಕಾಂಪೌಂಡಿನ ಉದ್ದಗಲ ಬರೆದ ಹಾಳೆಗೆ ಇದು ಭಾರವಾಗುತ್ತಿರಲಿಲ್ಲ.

ಬಣ್ಣದ್ದೂ ಇದೇ ಕಥೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಳದಿ ಅಂದರೆ ಸುದ್ದಿ ಮೇಲೆ ಕಣ್ಣಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕೂಡಲೇ ಕೆಲಸಕ್ಕೆ ಇಳಿಯಿರಿ. ಮೂರು ಬಣ್ಣ, ಮೂರು ಕ್ರಿಯಾಪದ. ನಮ್ಮ ಚಾನೆಲ್‌ಗಳು ಕ್ರಿಯಾಪದ ಬಿಟ್ಟು ಬಣ್ಣ ಮಾತ್ರ ಇಟ್ಟುಕೊಂಡಿವೆ. ‘ಯೆಲ್ಲೋ ಅಲರ್ಟ್’ ಅಂತ ಕಿರುಚಿ, ಹಿಂದೆ ಹಳೇ ಮಳೆಯ ವಿಡಿಯೋ. ಕೆಲಸದ ಮೇಲೆ ರಾತ್ರಿ ಪಾಳಿ ಮಾಡಿದವರಿಗೆ ಇದು ಗೊತ್ತು: ಏನೂ ಮಾಡಬೇಕಿಲ್ಲದ ಅಲಾರಂ ಹತ್ತು ಸಲ ಬಡಿದರೆ ಹನ್ನೊಂದನೆಯದನ್ನು ನಿದ್ದೆಗಣ್ಣಲ್ಲೇ ಮ್ಯೂಟ್ ಮಾಡುತ್ತೀರಿ. ಆ ಹನ್ನೊಂದನೆಯದೇ ನಿಜವಾದದ್ದಾಗಿರುತ್ತೆ.

ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸತ್ತವರು 10 ಸಾವಿರದ ಆಸುಪಾಸು. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಬಂದಾಗ ಐವತ್ತಕ್ಕಿಂತ ಕಡಿಮೆ. ಫೈಲಿನ್ ಏನೂ ಬಡಪಾಯಿ ಗಾಳಿ ಆಗಿರಲಿಲ್ಲ. ಆ ಹದಿನಾಲ್ಕು ವರ್ಷಗಳಲ್ಲಿ ಅವರು ಕರಾವಳಿಯಲ್ಲಿ ಆಶ್ರಯ ಕಟ್ಟಡಗಳನ್ನು ಕಟ್ಟಿದರು, ಮನೆಮನೆಗೆ ಹೋಗಿ ಯಾವ ಕಟ್ಟಡಕ್ಕೆ ಹೋಗಬೇಕು ಅಂತ ಹೇಳೋ ಜನರನ್ನು ತಯಾರು ಮಾಡಿದರು. ಹರಿಹರಕ್ಕೆ ಅಂಥ ಗಾಳಿ ಬರೋದಿಲ್ಲ, ಸರಿ. ಆದರೆ ಬಾಗಿಲು ತಟ್ಟಿ ‘ನೀವು ಇಲ್ಲಿಗೆ ಹೋಗಿ’ ಅನ್ನೋ ಮಾತು ಚಂಡಮಾರುತಕ್ಕೆ ಮಾತ್ರ ಮೀಸಲಲ್ಲ.

ಬಾಗಿಲು ಅಂದೆ. ಈ ಹಾಳೆಯ ಬಗ್ಗೆ ನನ್ನ ದೊಡ್ಡ ತಕರಾರು ಅಲ್ಲೇ ಇದೆ. ಬಡಾವಣೆ ನದಿ ಕಡೆಗೆ ಇಳಿಜಾರು. ಮೇಲಿನ ಸಾಲಿನಲ್ಲಿ ಸೈಟ್ ತಗೊಂಡು ಮನೆ ಕಟ್ಟಿಸಿಕೊಂಡವರು, ಅವರೇ ಸದಸ್ಯರು. ಕೊನೆಯ ಎರಡು ಸಾಲಿನಲ್ಲಿ ಬಾಡಿಗೆಯವರು: ಗಾರೆ ಕೆಲಸದವರು, ತರಕಾರಿ ಗಾಡಿಯವರು, ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡೋ ಒಬ್ಬರು ತಾಯಿ ಮತ್ತು ಅವರ ಮಗಳು. ಬಾಡಿಗೆಯವರಿಗೆ ಸದಸ್ಯತ್ವ ಇಲ್ಲ, ಹಾಗಾಗಿ ಹಾಳೆಯೂ ಹೋಗೋದಿಲ್ಲ. ನೀರು ಮೊದಲು ಹೋಗೋ ಮನೆಗೆ ನೋಟಿಸ್ ಹೋಗೋದಿಲ್ಲ; ನೋಟಿಸ್ ಹೋಗೋ ಮನೆಗೆ ನೀರು ಬರೋದಿಲ್ಲ. ‘ನಾಗರಿಕರು’ ಅನ್ನೋ ಪದವನ್ನ ಹಾಳೆ ಎಷ್ಟು ಕಿರಿದಾಗಿ ಬಳಸುತ್ತೆ ನೋಡಿ.

ಸಂಘದ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು, ಒಳ್ಳೆಯವರು. ಚಿಕ್ಕಪ್ಪನ ಜೊತೆ ಹೋಗಿ ಒಂದು ಕರಡು ಕೊಟ್ಟೆ. ‘ಗಾಜನೂರಿನಿಂದ ನೀರು ಬಿಟ್ಟಿದ್ದಾರೆ. ಕೊನೇ ಕಂಬದ ಕೆಂಪು ಗೆರೆಗೆ ಹೊಳೆ ಮುಟ್ಟಿದರೆ ಕೆಳಗಿನ ಎರಡು ಸಾಲಿನವರು ಆ ರಾತ್ರಿಯೇ ಶಾಲೆಗೆ ಬನ್ನಿ. ಮೇನ್ ಸ್ವಿಚ್ ಆಫ್ ಮಾಡಿ, ಸಿಲಿಂಡರ್ ಬಂದ್ ಮಾಡಿ. ರೇಷನ್ ಕಾರ್ಡು, ಮಾತ್ರೆ, ಮಕ್ಕಳ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿರಲಿ. ಶಾಲೆಯ ಬೀಗದ ಕೈ ಇಂಥವರ ಹತ್ತಿರ ಇದೆ.’ ಕಂಬಕ್ಕೆ ಗೆರೆ ಹೊಡೆಯೋಕೆ ಅರ್ಧ ಲೀಟರ್ ಪೇಂಟ್ ಬೇಕು, ಅದನ್ನೂ ಹೇಳಿದೆ.

ಮೇಷ್ಟ್ರು ಎರಡು ಸಲ ಓದಿದರು. ‘ಚಲೋ ಐತಿ ತಮ್ಮಾ. ಆದ್ರೆ ಇಲ್ಲೀತನ ಬರ್ತೈತಿ ಅಂತ ಬರೆದು, ಬರ್ಲಿಲ್ಲ ಅಂದ್ರೆ ನಾಳೆ ನನ್ನನ್ನ ಕೇಳ್ತಾರೆ. ಗೆರೆ ಮುಟ್ಟೋಕಿಂತ ಮೊದ್ಲೇ ಬಂತು ಅಂದ್ರೂ ನನ್ನನ್ನೇ ಕೇಳ್ತಾರೆ. ಈಗಿರೋದು ಬರೆದ್ರೆ ಯಾರೂ ಕೇಳಲ್ಲ.’

ನಾನು ಇಷ್ಟು ಹೊತ್ತು ಹೇಳಿದ್ದನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. ಅವರನ್ನು ಬೈಯಲು ಮನಸ್ಸಾಗಲಿಲ್ಲ. ಸಂಬಳವಿಲ್ಲದ ಕೆಲಸ, ಮೇಲಿನಿಂದ ಬರೋ ಸುತ್ತೋಲೆಗಳೂ ಇದೇ ‘ಸೂಕ್ತ’ದಲ್ಲೇ ಇರೋವಾಗ ಅವರೊಬ್ಬರೇ ಯಾಕೆ ಧೈರ್ಯ ಮಾಡಬೇಕು? ಆದರೂ ಕೆಂಪು ಗೆರೆ ತಪ್ಪಾದರೆ ಮೇಷ್ಟ್ರಿಗೆ ಬರೋದು ನಾಲ್ಕು ಬೈಗುಳ. ಗೆರೆಯೇ ಇಲ್ಲದಿದ್ದರೆ ಆ ತಾಯಿ-ಮಗಳು ಮಂಚ ಒದ್ದೆಯಾದ ಮೇಲೆ ಏಳಬೇಕು.

ಆಗಸ್ಟ್ ಹಾಳೆಯಲ್ಲೂ ವಾಕ್ಯ ಬದಲಾಗಲಿಲ್ಲ. ಆದರೆ ಹಾಲಿನ ಬೂತಿನ ಗೋಡೆಯ ಪ್ರತಿಯಲ್ಲಿ, ‘ವಹಿಸತಕ್ಕದ್ದು’ ಕೆಳಗೆ, ಯಾರೋ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದಿದ್ದರು: ‘ಸಾಲಿ ಬೀಗ ಬೂತಿನ್ಯಾಗೆ ಐತಿ. ರಾತ್ರಿ ಆದ್ರೂ ಎಬ್ಬಿಸ್ರಿ.’