ಅಡಚಣೆ ಮಾಡಬೇಡಿ

ಪಾಠ ಹೇಳುವುದರ ಜೊತೆಗೆ ಮೂವತ್ತು ವರ್ಷ ಪುಸ್ತಕ ವಿಮರ್ಶೆ ಬರೆದವನು ನಾನು. ಕವನ ಸಂಕಲನ, ಕಾದಂಬರಿ, ಒಮ್ಮೊಮ್ಮೆ ಯಾರದೋ ಅಭಿನಂದನ ಗ್ರಂಥ, ಹೀಗೆ ಕೈಗೆ ಬಂದದ್ದನ್ನೆಲ್ಲ ಓದಿ, ಹೊಗಳಬೇಕಾದ್ದನ್ನು ಹೊಗಳಿ, ಉಳಿದದ್ದಕ್ಕೆ 'ಲೇಖಕರಿಂದ ಇನ್ನೂ ನಿರೀಕ್ಷಿಸಬಹುದು' ಎಂದು ಬರೆದು ಮುಗಿಸುತ್ತಿದ್ದೆ. ನಿವೃತ್ತನಾದ ಮೇಲೆ ಅದೂ ಕಡಿಮೆಯಾಯಿತು. ಈಗ ವಿಮರ್ಶೆಗೆಂದು ಎತ್ತಿಕೊಂಡಿರುವುದು ಪುಸ್ತಕವಲ್ಲ, ನಮ್ಮಕ್ಕನ ಮೊಬೈಲ್ ಫೋನು. ನಗಬೇಡಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇವತ್ತು ದಿನವೂ ಓದುವ ಕನ್ನಡವೆಂದರೆ ಪತ್ರಿಕೆಯೂ ಅಲ್ಲ, ಕಾದಂಬರಿಯೂ ಅಲ್ಲ. ಆ ಗಾಜಿನ ಮೇಲೆ ಮೂಡಿ ಮಾಯವಾಗುವ ಎರಡು ಮೂರು ಪದಗಳ ಸಾಲುಗಳು. ಅವಕ್ಕೆ ಕರ್ತೃವಿನ ಹೆಸರಿಲ್ಲ, ಮುನ್ನುಡಿಯಿಲ್ಲ. ವಿಮರ್ಶೆಯಂತೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅಕ್ಕನಿಗೆ ಎಪ್ಪತ್ನಾಲ್ಕು. ಸಾಗರದಿಂದ ಹೊಸನಗರದ ಕಡೆ ಹೋಗುವ ರಸ್ತೆಯಿಂದ ಒಳಗೆ, ತೋಟದ ತಲೆಯ ಮೇಲಿನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಏಳನೇ ಕ್ಲಾಸಿನವರೆಗೆ ಓದಿದವಳು, ಆದರೆ ಓದುವ ಚಟದವಳು. ಮಳೆಗಾಲದಲ್ಲಿ ಕಂಬ ಬಿದ್ದು ಹಳೆಯ ಲ್ಯಾಂಡ್‌ಲೈನು ಶಾಶ್ವತವಾಗಿ ಬಾಯಿ ಮುಚ್ಚಿದ ಮೇಲೆ, ಮಗ ಒಂದು ಸ್ಮಾರ್ಟ್‌ಫೋನು ತಂದುಕೊಟ್ಟ. ಅಮ್ಮನಿಗೆ ಸುಲಭವಾಗಲೆಂದು ಅದರ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿಟ್ಟು ಹೋದ. ಒಳ್ಳೆಯ ಉದ್ದೇಶವೇ. ಸಿಗ್ನಲ್ ಸಿಗುವುದು ಜಗಲಿಯ ಕಿಟಕಿಯಲ್ಲಿ ಮಾತ್ರ. ಆದ್ದರಿಂದ ಫೋನಿನ ವಾಸ ಅಲ್ಲಿಯೇ, ಎಲೆ ಅಡಿಕೆ ತಟ್ಟೆಯ ಪಕ್ಕದಲ್ಲಿ.

ಕಾಯಿಲೆಗಳು ಒಂದೊಂದಾಗಿ ಶುರುವಾದವು. ಮೊದಲನೆಯದು 'ಸಂಗ್ರಹಣೆ'ಯದು. ಸಂಗ್ರಹಣೆ ಭರ್ತಿಯಾಗಿದೆ ಎಂದು ಫೋನು ಹೇಳತೊಡಗಿತು. 'ಯಾವ ಸಂಗ್ರಹಣೆಯೋ, ಅಡಿಕೆಯದಾ?' ಎಂದು ಅಕ್ಕ ಕೇಳಿದಳು. ಅವಳು ತಮಾಷೆಗೆ ಕೇಳಿದ್ದಲ್ಲ. ನೋಡಿದರೆ ನೆಂಟರಿಷ್ಟರು ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂವು, ಸೂರ್ಯೋದಯ, ಗಣಪತಿಯ ಚಿತ್ರಗಳು ಮೂರು ವರ್ಷದ್ದೂ ಒಳಗೇ ಕೂತಿದ್ದವು. ಇದು ನಮ್ಮ ದೇಶದ ಕಾಯಿಲೆಯೇ. 2017ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆ ಫೋನಿನೊಳಗಿನ ಕಸ ಗುಡಿಸುವ ಒಂದು ತಂತ್ರಾಂಶ ಹೊರತಂದದ್ದರ ಹಿಂದೆ ಭಾರತೀಯರ ಈ ಮುಂಜಾನೆಯ ಶುಭಾಶಯಗಳದ್ದೂ ಪಾಲಿದೆಯೆಂದು ಮರುತಿಂಗಳು ಪತ್ರಿಕೆಗಳು ಬರೆದಿದ್ದವು. ಆದರೆ ಅಕ್ಕ ಹೇಳಿದ್ದು: 'ನಂದೇ ಏನೋ ತಪ್ಪಾಗಿರ್ಬೇಕು ಮಾರಾಯ.'

ಎರಡನೆಯದು ಚಾರ್ಜಿನದು. ವೈರು ಚುಚ್ಚಿದರೆ ನಿಲ್ಲದು, ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಚಾರ್ಜಾಗುತ್ತದೆ. ಅಕ್ಕ ಹದಿನೈದು ದಿನ ಹಾಗೆಯೇ ಒತ್ತಿ ಹಿಡಿದು ಕೂತಿದ್ದಳಂತೆ. ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿಯ ಗೂಡಂಗಡಿ ಇಟ್ಟಿರುವ ಹುಡುಗ ಹಲ್ಲುಕಡ್ಡಿಯಿಂದ ಆ ತೂತಿನೊಳಗೆ ನಯವಾಗಿ ಕೆರೆದು, ಗಟ್ಟಿಯಾಗಿ ಒತ್ತಿಹೋಗಿದ್ದ ಹತ್ತಿಯ ಎಳೆಗಳ ಒಂದು ಉಂಡೆ ತೆಗೆದು ನನ್ನ ಅಂಗೈ ಮೇಲಿಟ್ಟ. ಸೀರೆಯ ಮಡಿಲಿನಲ್ಲಿ ಕಟ್ಟಿಕೊಂಡು ಓಡಾಡಿದ್ದರ ಫಲ ಅದು. ವೈರು ಒಳಗೆ ಪೂರ್ತಿ ಕೂರಲು ಜಾಗವೇ ಇರಲಿಲ್ಲ. ಹೊಸ ಚಾರ್ಜರು ಕೊಳ್ಳಲು ಹೊರಟಿದ್ದ ನನ್ನ ದುಡ್ಡು ಉಳಿಯಿತು.

ಮೂರನೆಯದು ಬೆರಳಿನದು, ಅದನ್ನು ಯಾರೂ ಕೆರೆದು ತೆಗೆಯಲಾರರು. ಈ ಗಾಜು ನಾವು ಒತ್ತಿದ್ದನ್ನು ತಿಳಿಯುವುದು ಭಾರದಿಂದಲ್ಲ. ಅದರ ಮೇಲೆ ಹರಡಿರುವ ಸಣ್ಣ ವಿದ್ಯುತ್ ಕ್ಷೇತ್ರವನ್ನು ಬೆರಳು ಕದಲಿಸುತ್ತದೆ. ಕದಲಿದ್ದು ಎಲ್ಲಿ ಎಂಬ ಲೆಕ್ಕದ ಮೇಲೆ ಎಲ್ಲ ನಡೆಯುತ್ತದೆ. ನೀರಿನ ಹನಿಯೂ ಅದನ್ನು ಕದಲಿಸುತ್ತದೆ. ಒಣಗಿ ದಪ್ಪಗಟ್ಟಿದ ಚರ್ಮ ಅಷ್ಟಾಗಿ ಕದಲಿಸುವುದಿಲ್ಲ. ಅಂದರೆ ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಕೈ, ಸುಲಿಗೆಯ ಕಾಲದಲ್ಲಿ ಚೊಗರು ಹಿಡಿದು ಬಿರುಕುಬಿಟ್ಟ ಕೈ. ಎರಡೂ ಈ ಯಂತ್ರಕ್ಕೆ ಕೈಯೇ ಅಲ್ಲ. ಬೆರಳಚ್ಚು ಒತ್ತಿ ಬೀಗ ತೆಗೆಯುವ ಏರ್ಪಾಡಿಗಂತೂ ಪಾತ್ರೆ ಬೆಳಗಿ, ಅಡಿಕೆ ಸುಲಿದು ರೇಖೆ ಸವೆದ ಹೆಬ್ಬೆರಳು ಅಪರಿಚಿತರದ್ದೇ. ಮತ್ತೆ ಪ್ರಯತ್ನಿಸಿ, ಮತ್ತೆ ಪ್ರಯತ್ನಿಸಿ ಎನ್ನುತ್ತದೆ. ಪ್ರಯತ್ನ ಸಾಲದಾಗಿರುವುದು ನಮ್ಮದೇ ಎಂಬ ಧಾಟಿ.

ನಾನು ಇಷ್ಟಪಡದಿರುವುದು ಈ ಧಾಟಿಯನ್ನು. ಯಂತ್ರ ಕೆಡುವುದು ಸಹಜ. ನಮ್ಮ ಮನೆಯ ರೇಡಿಯೋ ಕೆಟ್ಟಾಗ ಅಪ್ಪ ಅದರ ಬೆನ್ನಿನ ಹಲಗೆ ಬಿಚ್ಚಿ ಒಳಗಿನ ದೂಳು ಊದುತ್ತಿದ್ದರು, ಒಮ್ಮೊಮ್ಮೆ ತಲೆಗೆ ಮೊಟಕುತ್ತಿದ್ದರು. ಬೈಗುಳ ತಿನ್ನುತ್ತಿದ್ದುದು ರೇಡಿಯೋ. 2003ರಲ್ಲಿ ಬಂದ ನೋಕಿಯಾ 1100 ನೆನಪಿರುವವರಿಗೆ ಗೊತ್ತು, ಅದು ಹಟ ಮಾಡಿದರೆ ಬೆನ್ನು ತೆಗೆದು, ಬ್ಯಾಟರಿ ಕಿತ್ತು, ಅಂಗಿಗೆ ಒರೆಸಿ ಮತ್ತೆ ಹಾಕಿದರೆ ಸರಿಹೋಗುತ್ತಿತ್ತು. ಈಗ ಬೆನ್ನಿಗೆ ಅಂಟು ಬಳಿದು ಮುಚ್ಚಿದ್ದಾರೆ. ಒಳಗಿರುವ ಲಿಥಿಯಂ ಬ್ಯಾಟರಿ ಸವೆಯುವ ವಸ್ತು. ಐನೂರರಿಂದ ಸಾವಿರ ಸಲ ತುಂಬಿ ಬರಿದಾಗುವಷ್ಟರಲ್ಲಿ ಅದರ ಕಸುವಿನ ಐದನೇ ಒಂದು ಭಾಗ ಹೋಗುವುದು ತಯಾರಕರೇ ಒಪ್ಪಿದ ಲೆಕ್ಕ. ಸವೆಯುವುದು ಗೊತ್ತಿದ್ದೂ ತೆಗೆಯಲಾಗದಂತೆ ಮಾಡಿದ್ದಾರೆ. 2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿ ಹಳೆಯ ಬ್ಯಾಟರಿಯ ಫೋನುಗಳನ್ನು ತಾನೇ ನಿಧಾನ ಮಾಡುತ್ತಿದ್ದೇನೆಂದು ಒಪ್ಪಿಕೊಂಡಿತು. ಇದ್ದಕ್ಕಿದ್ದಂತೆ ಫೋನು ಆರಿಹೋಗಬಾರದೆಂದು ಹಾಗೆ ಮಾಡಿದ್ದಂತೆ. ಕಾರಣ ಇರಬಹುದು. ಆದರೆ ಅಲ್ಲಿಯವರೆಗೆ ಅವನ್ನು ಹಿಡಿದವರು ಏನಂದುಕೊಂಡಿದ್ದಾರು? ಯುರೋಪಿನಲ್ಲಿ 2023ರಲ್ಲಿ ಮಾಡಿದ ಕಾನೂನಿನಂತೆ 2027ರ ಫೆಬ್ರವರಿಯಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ನಮ್ಮಲ್ಲಿ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಗೂಡಂಗಡಿಯ ಹುಡುಗನಿಗೆ ಈ ಸಮಿತಿಯ ಸುದ್ದಿ ಹೇಳಿದೆ. 'ಹೌದಾ ಸರ್' ಎಂದು ಕೂದಲೊಣಗಿಸುವ ಮಿಷನ್ನಿನ ಬಿಸಿಗಾಳಿಯಲ್ಲಿ ಯಾರದೋ ಫೋನಿನ ಅಂಟು ಬಿಡಿಸುತ್ತ ಕೂತ.

ಇವೆಲ್ಲ ಸಣ್ಣ ಗೋಳುಗಳು. ಬರೆಯಲು ಕೂತದ್ದು ಇವಕ್ಕಾಗಿ ಅಲ್ಲ.

ಕಳೆದ ಮಳೆಗಾಲದಲ್ಲಿ ಅಕ್ಕನ ಮೈದುನನನ್ನು ಶಿವಮೊಗ್ಗದ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಅಕ್ಕ ಮದುವೆಯಾಗಿ ಆ ಮನೆಗೆ ಹೋದಾಗ ಆ ಹುಡುಗನಿಗೆ ಆರು ವರ್ಷ. ಅತ್ತೆ ಕಾಯಿಲೆಯವರು, ಅವನಿಗೆ ತಲೆ ಬಾಚಿ, ಉಣಿಸಿ, ಶಾಲೆಗೆ ಕಳಿಸಿದವಳು ಇವಳೇ. ಆ ರಾತ್ರಿ ಸ್ಥಿತಿ ಗಂಭೀರವೆಂದು ಗೊತ್ತಿತ್ತು. ಅಕ್ಕ ಮಲಗಲಿಲ್ಲ. ಒಳಗೆ ದೇವರ ಕೋಣೆಯ ಬಾಗಿಲಲ್ಲಿ ಗೋಡೆಗೆ ಒರಗಿ, ಜಗಲಿಯ ಕಡೆ ಕಿವಿಯಿಟ್ಟು ಕೂತಿದ್ದಳು. ಫೋನು ಕಿಟಕಿಯಲ್ಲಿತ್ತು. ಗಂಟೆ ಆಗಲಿಲ್ಲ. ಗಂಟೆ ಆಗದಿದ್ದರೆ ಒಳ್ಳೆಯದೇ ಎಂದು ಅಂದುಕೊಂಡು ಕೂತೇ ಇದ್ದಳಂತೆ.

ಅವನು ಹೋದದ್ದು ರಾತ್ರಿ ಹತ್ತೂಕಾಲಕ್ಕೆ. ಮೈದುನನ ಹಿರಿಮಗ ಒಂದು ಸಲ ಫೋನು ಮಾಡಿದ. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕಿರಿಯವನು ತನ್ನ ಫೋನಿಂದ ಮಾಡಿದ. ಸೊಸೆ ಮಾಡಿದಳು. ಸಾಗರದಿಂದ ನಾನೊಂದು ಸಲ ಮಾಡಿದೆ. ಎತ್ತದಿದ್ದಾಗ, ನಿದ್ದೆ ಹತ್ತಿರಬೇಕು, ಈ ಮಳೆಯಲ್ಲಿ ರಾತ್ರಿ ಎಬ್ಬಿಸಿಯಾದರೂ ಏನು ಮಾಡುವುದು, ಬೆಳಿಗ್ಗೆ ಹೇಳಿದರಾಯಿತು ಎಂದು ಸುಮ್ಮನಾದೆ. ಸುಮ್ಮನಾದವನು ನಾನು ಎಂಬುದನ್ನು ಇಲ್ಲಿ ಬರೆಯಲೇಬೇಕು. ಬೆಳಿಗ್ಗೆ ಆರಕ್ಕೆ ತೋಟದಾಚೆಯ ಮನೆಯವರನ್ನು ಎಬ್ಬಿಸಿ ಸುದ್ದಿ ಮುಟ್ಟಿಸಿದೆವು. ಅಕ್ಕ ಜೀಪು ಹಿಡಿದು ಶಿರಾಳಕೊಪ್ಪದ ಹತ್ತಿರದ ಅವರ ಮನೆ ಮುಟ್ಟುವ ಹೊತ್ತಿಗೆ ಹನ್ನೊಂದು ದಾಟಿತ್ತು. ಮಳೆ ಸ್ವಲ್ಪ ಬಿಟ್ಟಿದೆಯೆಂದು ಒಂಬತ್ತಕ್ಕೇ ಎಲ್ಲ ಮುಗಿಸಿದ್ದರು. ಅವಳು ಮುಖ ನೋಡಲಿಲ್ಲ.

ಹದಿಮೂರನೇ ದಿನ ಕಳೆದ ಮೇಲೆ ಆ ರಾತ್ರಿಯ ಮಾತು ಬಂತು. ಯಾವಾಗಿನಿಂದ ಗಂಟೆ ಆಗುತ್ತಿಲ್ಲ ಎಂದು ಕೇಳಿದೆ. 'ಆವತ್ತು ಸಂಜೆ ಸೆರಗಲ್ಲಿ ಗಾಜು ಒರೆಸಿದ್ನಾ, ಆಗ ಏನೋ ಬಂತು. ಅಡಚಣೆ ಮಾಡಬೇಡಿ ಅಂತ ಬರೆದಿತ್ತು. ಅದಕ್ಕೆ ನಾ ಮತ್ತೆ ಮುಟ್ಲೇ ಇಲ್ಲ, ಹಾಗೇ ಇಟ್ಟೆ' ಅಂದಳು.

ಫೋನು ತನಗೇ ಹೇಳುತ್ತಿದೆ ಎಂದು ತಿಳಿದಿದ್ದಳು. ಬಹುವಚನ ಬೇರೆ ಕೊಟ್ಟು ಮರ್ಯಾದೆಯಿಂದ ಹೇಳಿದೆ, ಕೇಳದಿದ್ದರೆ ಹೇಗೆ?

ಇಲ್ಲಿ ನನ್ನ ಹಳೆಯ ಕಸುಬು ಉಪಯೋಗಕ್ಕೆ ಬರುತ್ತದೆ. 'ಅಡಚಣೆ ಮಾಡಬೇಡಿ' ಎಂಬುದರಲ್ಲಿ ವ್ಯಾಕರಣದ ತಪ್ಪಿಲ್ಲ. ಪದಗಳೂ ಕನ್ನಡವೇ. ಇಲ್ಲದಿರುವುದು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು. ಇಂಗ್ಲಿಷಿನಲ್ಲಿ ಇದು ಹೋಟೆಲಿನ ಕೋಣೆಯ ಬಾಗಿಲಿಗೆ ಒಳಗಿದ್ದವನು ತೂಗುಹಾಕುವ ಹಲಗೆ. ಅದನ್ನು ಕಂಡವನಿಗೆ ಚಿತ್ರ ತಾನಾಗಿ ಹೊಳೆಯುತ್ತದೆ. ನಮ್ಮ ಮನೆಗಳ ಬಾಗಿಲಿಗೆ ಅಂಥ ಹಲಗೆ ಎಂದೂ ಇರಲಿಲ್ಲ. ಹಗಲು ಹೊತ್ತು ಬಾಗಿಲೇ ಹಾಕುತ್ತಿರಲಿಲ್ಲ. ಹಲಗೆಯಿಲ್ಲದೆ ಮಾತು ಮಾತ್ರ ಬಂದಿದೆ. ಇಂಥ ಅನುವಾದದ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಕೊಡುವುದು ಪದಗಳ ಪಟ್ಟಿ, ಫೋನನ್ನಲ್ಲ. ಯಾವ ಸಾಲು ಎಲ್ಲಿ, ಯಾರ ಕಣ್ಣಿಗೆ, ಯಾವ ಹೊತ್ತಿನಲ್ಲಿ ಬೀಳುತ್ತದೆಂದು ಅವರಿಗೆ ತಿಳಿಯುವ ದಾರಿ ಕಡಿಮೆ. ಅವರನ್ನು ಬೈದು ಪ್ರಯೋಜನವಿಲ್ಲ. 'ಕರೆ ಬಂದರೂ ಗಂಟೆ ಬಾರಿಸುವುದಿಲ್ಲ' ಎಂದಿದ್ದರೆ ಅಕ್ಕ ಆ ರಾತ್ರಿಯೇ ಪಕ್ಕದ ಮನೆಗೆ ಓಡುತ್ತಿದ್ದಳು. ಎರಡು ಪದದ ಬದಲು ನಾಲ್ಕು, ಅಷ್ಟೆ.

ಆ ಸೌಲಭ್ಯದೊಳಗೆ ಇನ್ನೊಂದು ಏರ್ಪಾಡೂ ಇದೆ. ಅದೇ ವ್ಯಕ್ತಿ ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆದರೆ ತುರ್ತೆಂದು ತಿಳಿದು ಗಂಟೆ ಬಾರಿಸಬಹುದು. ಬುದ್ಧಿವಂತರು ಯೋಚಿಸಿಯೇ ಮಾಡಿದ್ದಾರೆ. ಆದರೆ ಅವರ ಮನಸ್ಸಿನಲ್ಲಿದ್ದುದು ಒಬ್ಬನೇ ಕೂತು ಒಬ್ಬನಿಗೇ ಮತ್ತೆ ಮತ್ತೆ ಕರೆ ಮಾಡುವ ಮನುಷ್ಯ. ನಮ್ಮಲ್ಲಿ ಸಾವಿನ ಸುದ್ದಿ ಹಾಗೆ ಹೊರಡುವುದಿಲ್ಲ. 'ದೊಡ್ಡಮ್ಮ ಎತ್ತಲಿಲ್ಲ, ನೀ ನೋಡು' ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ. ನಾಲ್ಕು ಜನ ನಾಲ್ಕು ಫೋನಿಂದ ಒಂದೊಂದು ಸಲ ಮಾಡಿದರು. ನಾಲ್ವರನ್ನೂ ಫೋನು ಹೊರಗೇ ನಿಲ್ಲಿಸಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಫೋನಿಗೆ ಕನ್ನಡ ಬಂದದ್ದೇ ದೊಡ್ಡದೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. 2012ರಲ್ಲಿ ಆಂಡ್ರಾಯ್ಡಿನ 4.1ನೇ ಆವೃತ್ತಿ ಬರುವ ತನಕ ಅನೇಕ ಫೋನುಗಳಲ್ಲಿ ಕನ್ನಡವೆಂದರೆ ಖಾಲಿ ಚೌಕಗಳ ಸಾಲು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಟೈಪು ಮಾಡುವಾಗ ನಮ್ಮ ಅಕ್ಷರದ ಗುಣ ಬಲ್ಲವರು ಮಾಡಿದ್ದು ಇದು ಎಂದು ಬೆರಳಿಗೇ ತಿಳಿಯುತ್ತದೆ. ಅಕ್ಷರಕ್ಕೆ ಸಿಕ್ಕಿದ ಅಂಥ ಗಮನ ಮಾತಿಗೆ ಸಿಗಲಿಲ್ಲ. 1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯ ಸುಖರಾಂ ಅವರಿಗೆ ಮಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಆ ಯಂತ್ರಕ್ಕಿದ್ದ ಕೆಲಸವೆಂದರೆ ಗಂಟೆ ಬಾರಿಸಿ ಮಾತಾಡಿಸುವುದು. ಈಗ ಅದು ನೂರು ಕೆಲಸಗಳಲ್ಲಿ ಒಂದು, ಗಾಜು ಒರೆಸುವಾಗ ತಪ್ಪಿಹೋಗಬಹುದಾದ ಒಂದು.

ಫೋನನ್ನು ಗೂಡಂಗಡಿಗೆ ಒಯ್ದೆ. ಹುಡುಗ ಮೇಲಿನಿಂದ ಬೆರಳೆಳೆದು, ಒಂದು ಗುರುತನ್ನು ಮುಟ್ಟಿ ವಾಪಸು ಕೊಟ್ಟ. ಒಂದು ನಿಮಿಷವೂ ಹಿಡಿಯಲಿಲ್ಲ. ದುಡ್ಡು ತೆಗೆದುಕೊಳ್ಳಲಿಲ್ಲ. 'ಇಂಥವು ದಿನಾ ಬರ್ತಾವೆ ಸರ್. ವಯಸ್ಸಾದವರು ತಾವೇ ಹಾಳು ಮಾಡಿದ್ವಿ ಅಂತ ಹೆದರಿಕೊಂಡು ತರ್ತಾರೆ' ಅಂದ. ನಿನ್ನ ಫೋನು ಯಾವ ಭಾಷೆಯಲ್ಲಿಟ್ಟಿದ್ದೀಯ ಎಂದು ಕೇಳಿದೆ. ನಾಚಿಕೊಂಡ. 'ಇಂಗ್ಲಿಷಲ್ಲೇ ಸರ್. ಕನ್ನಡದಲ್ಲಿಟ್ರೆ ಯಾವುದು ಎಲ್ಲಿದೆ ಅಂತ ನಂಗೇ ಗೊತ್ತಾಗಲ್ಲ.'

ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಹೋಟೆಲಿನ ಹಲಗೆಯ ಕಥೆ, ಹದಿನೈದು ನಿಮಿಷದ ಕಥೆ, ಪಟ್ಟಿ ನೋಡಿ ಅನುವಾದ ಮಾಡುವವರ ಕಥೆ. ತಪ್ಪು ನಿನ್ನದಲ್ಲ ಎಂದು ಎರಡೆರಡು ಸಲ ಹೇಳಿದೆ. ಕೇಳಿಸಿಕೊಂಡಳು. 'ಆದ್ರೂ ನಾ ಎದ್ದುಹೋಗಿ ಒಂದ್ಸಲ ನೋಡ್ಬಹುದಿತ್ತು' ಅಂದಳು. ನಾನೂ ಇನ್ನೊಂದು ಸಲ ಕರೆ ಮಾಡಬಹುದಿತ್ತು ಎಂದು ಹೇಳಲು ಬಾಯಿ ಬರಲಿಲ್ಲ.

ಈಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವಳ ಮಿಸ್ಡ್ ಕಾಲ್ ಬರುತ್ತದೆ. ನಾನು ತಿರುಗಿ ಮಾಡಬೇಕು. ಎರಡು ಸಲ ಗಂಟೆಯಾಗುತ್ತದೆ, ಮೂರನೆಯದಕ್ಕೆ ಕತ್ತರಿಸುತ್ತಾಳೆ. ಮಾತಾಡುವುದೇನೂ ಇರುವುದಿಲ್ಲ.