ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?

ವಿಧಾನಸಭೆಯ ಪ್ರಶ್ನೋತ್ತರದ ಹಾಳೆಗಳನ್ನು ಮಾಹಿತಿಗಾಗಿ ಓದುವವರಿದ್ದಾರೆ, ಜಗಳ ತೆಗೆಯಲು ಓದುವವರೂ ಇದ್ದಾರೆ. ನಾನು ರುಚಿಗಾಗಿ ಓದುತ್ತೇನೆ. ಅದರಲ್ಲೂ ಸದಸ್ಯರ ಹೆಸರಿನ ಪಕ್ಕ ಕಂಸದೊಳಗೆ ‘ಕೊಳ್ಳೇಗಾಲ’ ಎಂದೋ ‘ಹನೂರು’ ಎಂದೋ ಕಂಡರೆ ಉಳಿದ ಕೆಲಸ ಬದಿಗಿಟ್ಟು, ಕನ್ನಡಕ ಒರೆಸಿಕೊಂಡು ಕೂರುತ್ತೇನೆ. ಸದನದ ಬಾವಿಗಿಳಿದವರ ಗದ್ದಲ ಮರುದಿನ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಈ ಹಾಳೆಗಳಿಗೆ ಆ ಭಾಗ್ಯವಿಲ್ಲ. ಆದರೂ ಕನ್ನಡ ಗದ್ಯದಲ್ಲಿ ಇಷ್ಟು ಬಿಗಿಯಾದ, ಇಷ್ಟು ನಯವಾದ ಕುಸುರಿ ಕೆಲಸ ನನಗೆ ಬೇರೆಡೆ ಸಿಕ್ಕಿದ್ದು ಕಡಿಮೆ.

ಮೊದಲು ಹಾಳೆಯ ಚೆಲುವು ನೋಡಿ. ನೆತ್ತಿಯ ಮೇಲೆ ಪ್ರಶ್ನೆಯ ಸಂಖ್ಯೆ, ಅದು ಚುಕ್ಕೆ ಗುರುತಿನದೋ ಗುರುತಿಲ್ಲದ್ದೋ ಎಂಬ ವಿವರ. ಅದರಡಿ ಕೇಳಿದವರ ಹೆಸರು, ಉತ್ತರಿಸುವ ಸಚಿವರು, ಉತ್ತರಿಸಬೇಕಾದ ದಿನಾಂಕ. ಆಮೇಲೆ ಗೆರೆ ಎಳೆದು ಎರಡು ಮನೆ: ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಎಡಗಡೆಯ ಮಾತು (ಅ), (ಆ), (ಇ), (ಈ) ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಬಲಗಡೆಯವರು ಆ ಮೆಟ್ಟಿಲುಗಳ ಮೇಲೇ ಕಾಲಿಟ್ಟು ಇಳಿಯಬೇಕು.

ಮಾದರಿಗೆ ನಾನೇ ಒಂದನ್ನು ಹೆಣೆದು ತೋರಿಸುತ್ತೇನೆ. (ಅ) ಹನೂರು ಕ್ಷೇತ್ರ ವ್ಯಾಪ್ತಿಯ ಕಾಡಂಚಿನ ಗ್ರಾಮಗಳಿಗೆ ರಸ್ತೆ ಸೌಕರ್ಯ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಅಂತಹ ಗ್ರಾಮಗಳು ಯಾವುವು? (ಗ್ರಾಮವಾರು ವಿವರ ನೀಡುವುದು) (ಇ) ಕಳೆದ ಮೂರು ವರ್ಷಗಳಲ್ಲಿ ಇದಕ್ಕಾಗಿ ಮಂಜೂರಾದ, ಬಿಡುಗಡೆಯಾದ ಹಾಗೂ ವೆಚ್ಚವಾದ ಅನುದಾನವೆಷ್ಟು? (ಈ) ಯಾವ ಕಾಲಮಿತಿಯೊಳಗೆ ರಸ್ತೆ ಕಲ್ಪಿಸಲಾಗುವುದು?

ಆ ಮೊದಲ ಮೆಟ್ಟಿಲಿನ ಸೊಗಸನ್ನು ಸ್ವಲ್ಪ ನಿಂತು ಸವಿಯಬೇಕು. ‘ಗಮನಕ್ಕೆ ಬಂದಿದೆಯೇ’ ಎಂಬಲ್ಲಿ ಸಿಟ್ಟಿಲ್ಲ, ಆರೋಪವಿಲ್ಲ, ಧ್ವನಿ ಒಂದಿಷ್ಟೂ ಏರಿಲ್ಲ. ಆದರೆ ‘ಇಲ್ಲ’ ಎಂದರೆ ಊರೂರೇ ಹೇಳುತ್ತಿರುವ ಸಂಗತಿ ಸರ್ಕಾರಕ್ಕೆ ಮಾತ್ರ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ‘ಬಂದಿದೆ’ ಎಂದರೆ ಉಳಿದ ಮೂರಕ್ಕೂ ಕೊರಳು ಕೊಟ್ಟಂತೆ. ಕೊಳ್ಳೇಗಾಲ, ಮಾಂಬಳ್ಳಿಯ ಕಡೆ ರೇಷ್ಮೆ ನೂಲು ಬಿಚ್ಚುವವರನ್ನು ಕಂಡವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಬಿಸಿನೀರಿನಲ್ಲಿ ಮೆದುವಾದ ಗೂಡಿನಿಂದ ಎಳೆಯ ತುದಿಯೊಂದನ್ನು ಹಿಡಿಯುವುದಷ್ಟೇ ಕಷ್ಟ. ಅದು ಬೆರಳಿಗೆ ಸಿಕ್ಕಮೇಲೆ ಗೂಡು ತಾನಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಒಳ್ಳೆಯ (ಅ) ಎಂದರೆ ಆ ತುದಿ.

ಇನ್ನೊಂದು ಹದವಿದೆ: ಯಾರನ್ನು ಕೇಳಬೇಕು ಎಂಬುದು. ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ ಇವೆಲ್ಲ ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಕಾಡಿನ ನಡುವಿನ ಊರುಗಳು. ಆ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ರಸ್ತೆಯನ್ನು ಲೋಕೋಪಯೋಗಿ ಸಚಿವರಿಗೆ ಕೇಳಿದರೆ ಅದು ಗ್ರಾಮೀಣಾಭಿವೃದ್ಧಿಗೆ ಸೇರಿದ್ದು ಎನ್ನಬಹುದು. ಗ್ರಾಮೀಣಾಭಿವೃದ್ಧಿ ಸಚಿವರನ್ನು ಕೇಳಿದರೆ ಅರಣ್ಯ ಇಲಾಖೆಯ ಅನುಮತಿ ಬೇಕು ಎನ್ನಬಹುದು. ಅರಣ್ಯ ಸಚಿವರನ್ನು ಕೇಳಿದರೆ ಪ್ರಸ್ತಾವನೆಯೇ ಬಂದಿಲ್ಲ ಎಂದು ಕೈ ತೊಳೆದುಕೊಳ್ಳಬಹುದು. ಪಳಗಿದ ಶಾಸಕರು ಒಂದೇ ಸಂಗತಿಯನ್ನು ಮೂರು ಸಚಿವರಿಗೆ ಮೂರು ಬಗೆಯಲ್ಲಿ ಕೇಳಿ, ಮೂರೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಉಪಪ್ರಶ್ನೆಗೆ ಏಳುತ್ತಾರೆ. ‘ಮಾನ್ಯ ಸಭಾಧ್ಯಕ್ಷರೇ’ ಎಂದು ಶುರುವಾಗುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿ ನಾನು ಎಷ್ಟು ಹೊತ್ತಾದರೂ ಕಾಯಬಲ್ಲೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ಈ ಸೀಮೆಗೆ ಕೇಳುವ ಕಲೆ ಎರಡು ದಾರಿಯಿಂದ ಬಂದಿದೆ. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು ಮೈಸೂರು ಸಂಸ್ಥಾನದೊಳಗಿತ್ತು. ಆ ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ 144 ಮಂದಿಯ ಪ್ರಜಾಪ್ರತಿನಿಧಿ ಸಭೆ ದಸರೆಯ ಹೊತ್ತಿಗೆ ಸೇರಿತು. ನಿರ್ಣಯಿಸುವ ಅಧಿಕಾರ ಅದಕ್ಕಿರಲಿಲ್ಲ, ಅರಿಕೆ ಮಾಡಿಕೊಳ್ಳುವ ಅವಕಾಶವಿತ್ತು. ಕೊಳ್ಳೇಗಾಲ ಮತ್ತು ಹನೂರು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಕಾವೇರಿ ತೀರದ ಕನ್ನಡಿಗ ತನ್ನ ಅಹವಾಲು ಹೊತ್ತು ಸಮುದ್ರ ತೀರದವರೆಗೆ ನೋಡಬೇಕಿತ್ತು. 1956ರ ನವೆಂಬರ್ 1ರಂದು ಎರಡೂ ದಾರಿ ಒಂದಾದವು. ಅರಿಕೆಯ ವಿನಯ, ಅಹವಾಲಿನ ಹಟ ಎರಡೂ ಸೇರಿದ ಒಗರು ಸಿಹಿಯೊಂದು ಇಲ್ಲಿನ ಪ್ರಶ್ನೆಗಳಲ್ಲಿ ಇಂದಿಗೂ ಇದೆ ಎಂದು ನನ್ನ ನಾಲಿಗೆ ಹೇಳುತ್ತದೆ.

ಕೇಳಿದವರ ಬಗೆಯೂ ಸ್ವಾರಸ್ಯವಾದದ್ದು. 2018ರಲ್ಲಿ ಬಿಎಸ್‌ಪಿಯಿಂದ ಕೊಳ್ಳೇಗಾಲದಲ್ಲಿ ಗೆದ್ದ ಎನ್. ಮಹೇಶ್ ಶಿಕ್ಷಣ ಸಚಿವರಾಗಿ, ಕೆಲವು ತಿಂಗಳ ಮಟ್ಟಿಗೆ ಹಾಳೆಯ ಬಲಗಡೆಗೆ ಹೋದರು. ರಾಜೀನಾಮೆ ಕೊಟ್ಟು ಮತ್ತೆ ಎಡಗಡೆಗೆ ಬಂದರು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸಂತೇಮರಹಳ್ಳಿ ಕ್ಷೇತ್ರ ಆಮೇಲೆ ಇಲ್ಲವಾಯಿತು. ಯಳಂದೂರನ್ನೂ ಒಳಗೊಂಡ ಕೊಳ್ಳೇಗಾಲದಿಂದ ಅದೇ ಕೃಷ್ಣಮೂರ್ತಿ 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಬಂದರು. ಒಂದರ ಬೆಲೆ ಅವರಷ್ಟು ಬಲ್ಲವರು ಸದನದಲ್ಲಿ ಯಾರಿದ್ದಾರೆ? ಅದೇ ವರ್ಷ ಹನೂರಿನಿಂದ ಬಂದ ಎಂ.ಆರ್. ಮಂಜುನಾಥ್ ಜೆಡಿಎಸ್‌ನವರು. ಹೀಗೆ ಅಕ್ಕಪಕ್ಕದ ಕ್ಷೇತ್ರಗಳು, ಒಂದು ಆಡಳಿತ ಪಕ್ಷಕ್ಕೆ, ಒಂದು ವಿರೋಧ ಪಕ್ಷಕ್ಕೆ. ವಿರೋಧ ಪಕ್ಷದವರ ಪ್ರಶ್ನೆಗೆ ಖಾರ ಸಹಜ. ತಮ್ಮದೇ ಸರ್ಕಾರವನ್ನು ಕೇಳುವವರ ಪ್ರಶ್ನೆಗೆ ಮೇಲೆ ತುಪ್ಪದ ನಯವಿರುತ್ತದೆ, ಕಚ್ಚಿದಾಗಷ್ಟೇ ಮೆಣಸು ಸಿಗುತ್ತದೆ. ನನಗೆ ಎರಡೂ ಬೇಕು.

ಇಷ್ಟಾದರೂ ಈ ಭೋಜನದ ಪರಮಾನ್ನ ಕೊನೆಗೆ ಬರುವ ಅನುಬಂಧ. ‘ಗ್ರಾಮವಾರು ವಿವರ ನೀಡುವುದು’ ಎಂದು ಕಂಸದಲ್ಲಿ ಬರೆದ ಆ ಪುಟ್ಟ ಸಾಲಿನ ಫಲ ಅದು. ಕ್ರಮಸಂಖ್ಯೆ, ಗ್ರಾಮದ ಹೆಸರು, ಕಾಮಗಾರಿಯ ಹೆಸರು, ಮೊತ್ತ (ರೂ. ಲಕ್ಷಗಳಲ್ಲಿ), ಷರಾ. ರಾಮಾಪುರ, ಲೊಕ್ಕನಹಳ್ಳಿ, ಹೂಗ್ಯಂ, ಅಜ್ಜೀಪುರ, ಒಡೆಯರಪಾಳ್ಯ ಎಂದು ಒಂದೊಂದೇ ಊರು ಸಾಲಾಗಿ ಬಂದು ನಿಲ್ಲುವುದನ್ನು ನಿಧಾನವಾಗಿ, ಬೆರಳಿಟ್ಟು, ಬಾಯಿಬಿಟ್ಟು ಓದಬೇಕು. ಮಂಜೂರಾದದ್ದಕ್ಕೂ ಬಿಡುಗಡೆಯಾದದ್ದಕ್ಕೂ ನಡುವಿನ ಅಂತರವನ್ನು, ಬಿಡುಗಡೆಯಾದದ್ದಕ್ಕೂ ಖರ್ಚಾದದ್ದಕ್ಕೂ ನಡುವಿನ ಅಂತರವನ್ನು ಕಣ್ಣಲ್ಲೇ ಅಳೆಯಬೇಕು. ಒಂದು ಮೋರಿ, ಒಂದು ಕೊಳವೆಬಾವಿ, ಶಾಲೆಯ ಒಂದು ಕೊಠಡಿ ಸರ್ಕಾರದ ಅಚ್ಚಿನಲ್ಲಿ, ಸಚಿವರ ಹೆಸರಿನಡಿ ದಾಖಲಾಗುವುದೆಂದರೆ ಊರಿನವರ ಕೈಗೆ ಒಂದು ಆಧಾರ ಸಿಕ್ಕಂತೆ. ಗ್ರಾಮಸಭೆಯಲ್ಲಿ ಎದ್ದು ನಿಂತವರು ಆ ಪುಟವನ್ನು ಎತ್ತಿ ತೋರಿಸಿದರೆ ಎಂಜಿನಿಯರ್‌ಗೂ ತಬ್ಬಿಬ್ಬಾಗುತ್ತದೆ.

ಪ್ರಶ್ನೆ ತಲುಪದ ಕಡೆ ಏನಾಗುತ್ತದೆಂಬುದನ್ನೂ ಈ ಸೀಮೆ ಕಂಡಿದೆ. ಮೂಲಸೌಕರ್ಯಕ್ಕಾಗಿ ಮತದಾನ ಬಹಿಷ್ಕರಿಸಿದ್ದ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು ಮತಗಟ್ಟೆಯೇ ಧ್ವಂಸವಾಗಿ, 29ರಂದು ಮರುಮತದಾನ ನಡೆಯಿತು. ಮರುವರ್ಷದ ಏಪ್ರಿಲ್ 24ರಂದು ರಾಜ್ಯದ ಸಚಿವ ಸಂಪುಟವೇ ಮಹದೇಶ್ವರ ಬೆಟ್ಟ ಹತ್ತಿ ಸಭೆ ನಡೆಸಿತು. ಉತ್ತರಿಸಬೇಕಾದವರೆಲ್ಲ ಪ್ರಶ್ನೆಗಳಿರುವ ಜಾಗಕ್ಕೇ ಬಂದು ಕೂತರಲ್ಲ ಎಂದು ನನಗೆ ಆದ ಖುಷಿಯನ್ನು ಮುಚ್ಚಿಡಲಾರೆ.

ಹನೂರು 2017ರ ಬಜೆಟ್‌ನಲ್ಲಿ ಘೋಷಣೆಯಾದ ತಾಲ್ಲೂಕು. ಹೊಸ ತಾಲ್ಲೂಕೆಂದರೆ ಕಚೇರಿಯಿಂದ ಆಸ್ಪತ್ರೆಯವರೆಗೆ ಎಲ್ಲವನ್ನೂ ಕೇಳಿಯೇ ಪಡೆಯಬೇಕು. ನನ್ನಂಥವರಿಗೆ ಓದಲು ಸಮೃದ್ಧಿ. ಮುಂದಿನ ಅಧಿವೇಶನದ ಹಾಳೆ ಸಿಕ್ಕಾಗ ನೀವೂ ಓದಿ. ಷರಾ ಕಾಲಂನಿಂದ ಶುರುಮಾಡಿ. ‘ಪ್ರಗತಿಯಲ್ಲಿದೆ’, ‘ಟೆಂಡರ್ ಹಂತದಲ್ಲಿದೆ’, ‘ಅನುದಾನದ ಲಭ್ಯತೆಗೆ ಅನುಗುಣವಾಗಿ’ ಎಂಬುದನ್ನೆಲ್ಲ ದಾಟಿ ‘ಪೂರ್ಣಗೊಂಡಿದೆ’ ಎಂಬುದು ಎಲ್ಲಿದೆಯೆಂದು ಹುಡುಕಿ. ಸಿಕ್ಕ ಮೇಲೆ ಆ ಊರಿಗೆ ಒಮ್ಮೆ ಹೋಗಿ, ಮೋರಿಯ ಮೇಲೆ ನಿಂತು ನೋಡಿಕೊಂಡು ಬನ್ನಿ.