ಗುಳ್ಳೆ ಎಣಿಸಿದರೆ ಒತ್ತಡ ಅಳೆದಂತಾಯಿತೇ? ಡೈವರ್‌ಗಳ ಅಲ್ಟ್ರಾಸೌಂಡ್ ಅಧ್ಯಯನಗಳ ಒಂದು ವಿಮರ್ಶೆ

ಧಾರೂರಿನಿಂದ ಮಾತಾಡ್ತಾ ಇದ್ದೇನೆ, ನೆಟ್‌ವರ್ಕ್ ಹೋದರೆ ಸ್ವಲ್ಪ ತಾಳ್ಕೊಳ್ಳಿ. ಸಮುದ್ರವಿಲ್ಲದ ಊರಿನವರಿಗೆ ಈ ವಿಷಯ ಯಾಕೆ ಅಂತ ಕೇಳಬಹುದು. ನಮ್ಮ ಹತ್ತಿರದ ಕೋಟಪಲ್ಲಿ ಜಲಾಶಯ ಕಯಾಕಿಂಗ್‌ಗೆ ಹೆಸರಾದದ್ದು. ಸ್ಕೂಬಾ ಬೇಕೆಂದರೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ತಲುಪಬೇಕು. ಆಮೇಲೆ ಘಟ್ಟ ಹತ್ತಿ ವಾಪಸು. ಈ ವಾಪಸು ಪ್ರಯಾಣದ ಮಾತಿಗೆ ಕೊನೆಗೆ ಬರ್ತೀನಿ.

ಮೊದಲು ಪದದ ತೊಡಕು. ಇಂಗ್ಲಿಷಿನಲ್ಲಿ ‘ಪ್ರೆಷರ್’ ಬೇರೆ, ‘ಸ್ಟ್ರೆಸ್’ ಬೇರೆ. ಕನ್ನಡದಲ್ಲಿ ಎರಡಕ್ಕೂ ‘ಒತ್ತಡ’ ಅಂತೀವಿ. ‘ಡಿಕಂಪ್ರೆಷನ್ ಸ್ಟ್ರೆಸ್’ ಅನ್ನೋದನ್ನ ಅನುವಾದಿಸಲು ಕೂತಾಗ ‘ಒತ್ತಡ ಇಳಿಕೆಯ ಒತ್ತಡ’ ಅಂತ ಬಂತು. ನಗು ಬಂತು ನಿಜ, ಆದರೆ ಪ್ರಶ್ನೆ ಹುಟ್ಟಿದ್ದೂ ಅಲ್ಲೇ: ಈ ಅಧ್ಯಯನಗಳು ಅಳೆಯುತ್ತಿರುವುದು ಯಾವುದನ್ನು?

10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಉಸಿರಿನ ನೈಟ್ರೋಜನ್ ರಕ್ತದಲ್ಲಿ, ಅಂಗಾಂಶಗಳಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬರುವಾಗ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಒಂದಿಷ್ಟು ಗುಳ್ಳೆಯಾಗಬಹುದು. 1908ರಲ್ಲಿ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕ ಕೊಟ್ಟರು. ಜೀವಂತ ದೇಹದ ಗುಳ್ಳೆಯನ್ನು ಕೇಳುವ ಸಾಧನ ಅವರಿಗಿರಲಿಲ್ಲ. 1960ರ ದಶಕದ ಕೊನೆಗೆ ಡಾಪ್ಲರ್ ಅಲ್ಟ್ರಾಸೌಂಡ್ ಅದನ್ನು ಸಾಧ್ಯವಾಗಿಸಿತು. ಸ್ಪೆನ್ಸರ್ ಶ್ರೇಣಿಯಲ್ಲಿ 0 ಎಂದರೆ ಗುಳ್ಳೆಯಿಲ್ಲ, 4 ಎಂದರೆ ಹೃದಯದ ಸದ್ದನ್ನೇ ಮುಚ್ಚುವಷ್ಟು ಗುಳ್ಳೆ.

ನನ್ನ ಆಕ್ಷೇಪ ಮೂರು.

ಒಂದು, ತರ್ಕ ಸುತ್ತಿ ಸುತ್ತಿ ಅಲ್ಲೇ ಬರುತ್ತದೆ. ಗುಳ್ಳೆ ಹೆಚ್ಚಿದ್ದರೆ ‘ಸ್ಟ್ರೆಸ್’ ಹೆಚ್ಚು ಅಂತಾರೆ. ಸ್ಟ್ರೆಸ್ ಅಂದ್ರೇನು ಅಂದರೆ ಮತ್ತೆ ಗುಳ್ಳೆ ತೋರಿಸ್ತಾರೆ. ಗುಳ್ಳೆ ಕೇಳಿಸದಿದ್ದಾಗ ಕಾಯಿಲೆ ತೀರಾ ಅಪರೂಪ, ಇದು ಗಟ್ಟಿ ಮಾತು. ಆದರೆ 4ನೇ ದರ್ಜೆ ಬಂದವರಲ್ಲೂ ಬಹುಪಾಲು ಜನ ಆರಾಮಾಗೇ ಇರ್ತಾರೆ. ಪ್ರೋಬ್ ಕೇಳೋದು ಹೃದಯಕ್ಕೆ ಮರಳುವ ರಕ್ತವನ್ನು. ಮಂಡಿಯ ನೋವು, ಬೆನ್ನುಹುರಿಯ ಪೆಟ್ಟು ಅದಕ್ಕೆ ಕೇಳಿಸೋದಿಲ್ಲ.

ಎರಡು, ದರ್ಜೆಗಳು ಮೆಟ್ಟಿಲುಗಳು, ಅಳತೆಪಟ್ಟಿಯಲ್ಲ. 2 ಎಂದರೆ 1ರ ಎರಡರಷ್ಟು ಗುಳ್ಳೆ ಎಂದಲ್ಲ. ಹಾಗಿದ್ದೂ ಸರಾಸರಿ ತೆಗೆದು ‘1.7’ ಅಂತ ಬರೆದರೆ ಆ ದಶಮಾಂಶಕ್ಕೆ ಅರ್ಥವೇನು? ಅದೂ ಒಬ್ಬನೇ ಡೈವರ್ ಅದೇ ಆಳಕ್ಕೆ, ಅಷ್ಟೇ ಹೊತ್ತು ಇಳಿದರೂ ದಿನದಿಂದ ದಿನಕ್ಕೆ ದರ್ಜೆ ಬದಲಾಗುವಾಗ.

ಮೂರು, ಅಳತೆಯ ಹೊತ್ತು. ಈಗಿನ ಒಮ್ಮತದ ಮಾರ್ಗಸೂಚಿ ಡೈವ್ ನಂತರ 120 ನಿಮಿಷ ಅಳೆಯಿರಿ ಎನ್ನುತ್ತದೆ. ಗುಳ್ಳೆ ತುದಿ ಮುಟ್ಟುವುದನ್ನು ಹಿಡಿಯಲು ಅದು ಸರಿ. ಆದರೆ ನೇತ್ರಾಣಿಯಲ್ಲಿ ಮುಳುಗಿದ ನಮ್ಮವರು ಆ ಹೊತ್ತು ಕಳೆದ ಮೇಲೆ ಬಸ್ಸಿನಲ್ಲಿ ಸಮುದ್ರಮಟ್ಟದಿಂದ ಅರ್ಧ ಕಿ.ಮೀ.ಗೂ ಮೇಲಕ್ಕೆ ಏರುತ್ತಿರುತ್ತಾರೆ. ಹೊರಗಿನ ಒತ್ತಡ ಇನ್ನಷ್ಟು ಇಳಿಯುತ್ತದೆ. ವಿಮಾನ ಹತ್ತುವ ಮೊದಲು ಕಾಯಬೇಕೆಂದು ಎಲ್ಲರೂ ಹೇಳ್ತಾರೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚಾದರೆ 18. ಘಟ್ಟದ ರಸ್ತೆಯ ಬಗ್ಗೆ ಎಷ್ಟು ಜನ ಕೇಳ್ತಾರೆ? ದೋಣಿಯಿಂದ ಇಳಿದಾಗ ‘ದರ್ಜೆ 0’ ಬಂತು ಅಂತ ಚೀಟಿ ಕೊಟ್ಟರೆ, ಅದು ಆ ಹೊತ್ತಿನ ಸುದ್ದಿ, ರಾತ್ರಿಯ ಬಸ್ಸಿನ ಜಾಮೀನಲ್ಲ.

ಚರ್ಚೆಯಲ್ಲಿ ಒಬ್ಬರು ಕೇಳಿದರು: ಹಾಗಾದರೆ ಈ ಸಾಧನವೇ ಬೇಡವೇ?

ಬೇಕು. ರೋಗಲಕ್ಷಣ ಬರಲಿ ಅಂತ ಜನರನ್ನು ಮುಳುಗಿಸಿ ಕಾಯಲಾಗದು. ಒಬ್ಬನೇ ಡೈವರ್‌ನಲ್ಲಿ ಎರಡು ಬಗೆಯ ಆರೋಹಣಗಳನ್ನು ಹಲವು ಸಲ ಹೋಲಿಸಲು ಗುಳ್ಳೆ ಒಳ್ಳೆಯ ಸೂಚಕ. ನನ್ನ ತಕರಾರು ಸೂಚಕವನ್ನೇ ತೀರ್ಪು ಮಾಡುವುದರ ಬಗ್ಗೆ. ಕನ್ನಡದಲ್ಲಿ ಬರೆಯುವಾಗ ಹೊರಗಿನದಕ್ಕೆ ‘ಒತ್ತಡ’, ದೇಹ ಅನುಭವಿಸುವುದಕ್ಕೆ ‘ಬಾಧೆ’, ಯಂತ್ರಕ್ಕೆ ಕೇಳಿಸುವುದಕ್ಕೆ ‘ಗುಳ್ಳೆ’ ಅಂತ ಮೂರನ್ನೂ ಬೇರೆ ಇಡೋಣ.